ಬೌಂಡರಿ ಎಲಿಮೆಂಟ್ ವಿಧಾನ: ಇತಿಹಾಸ

ಬಲಕ್ಕೆ ಸಿಕ್ಕಿದ ಘನವಸ್ತು ಎಷ್ಟು ಬಾಗುತ್ತದೆ, ಎಲ್ಲಿ ಮಣಿಯುತ್ತದೆ ಎಂಬುದನ್ನು ಅದರ ಹೊರಮೈಯ ಮೇಲಷ್ಟೇ ಸಮೀಕರಣ ಬರೆದು ಕಂಡುಕೊಳ್ಳುವ ಗಣಕ ವಿಧಾನ. ಮುಂಬಯಿಯ ಗೋರೆಗಾಂವ್‌ನಿಂದ ಮುಲುಂಡ್ ಕಡೆಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಯೋಜಿಸಿರುವ, ಸುಮಾರು 4.7 ಕಿ.ಮೀ. ಉದ್ದದ ಜೋಡಿ ಸುರಂಗದಂಥ ಕಾಮಗಾರಿಗಳು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂಥವು. ಸುತ್ತಲಿನ ಬಂಡೆಗೆ ಎಲ್ಲೆಯಿಲ್ಲ. ಕೊರೆದ ಗೋಡೆಗೆ ಇದೆ. ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಬಂಡೆಯ ಒಡಲಿಗೆಲ್ಲ ಜಾಲ ಹೆಣೆಯಬೇಕು. ಇಲ್ಲಿ ಗೋಡೆಯನ್ನು ತುಣುಕು ಮಾಡಿದರೆ ಸಾಕು.

ಅಪರಿಮಿತ ಘನದೊಳಗೆ ಒಂದು ಬಿಂದುವನ್ನು ಒತ್ತಿದರೆ ಉಳಿದ ಬಿಂದುಗಳು ಎಷ್ಟು ಸರಿಯುತ್ತವೆ ಎಂಬುದನ್ನು 1848ರಲ್ಲೇ ಕೆಲ್ವಿನ್ ತೋರಿಸಿದ್ದರು. ಬೆಟ್ಟಿ, ಸೊಮಿಲಿಯಾನಾ ಅದನ್ನು ಹೊರಮೈಯ ಸಮೀಕರಣವಾಗಿ ಬೆಳೆಸಿದರು. ಗಣಕಕ್ಕೆ ಒಗ್ಗುವ ರೂಪ ಕೊಟ್ಟದ್ದು ಫ್ರಾಂಕ್ ರಿಝೊ, 1967ರಲ್ಲಿ.

ಇದರ ತುರ್ತು ಎದ್ದು ಕಂಡದ್ದು ಆಳದ ಚಿನ್ನದ ಗಣಿಗಳಲ್ಲಿ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿನ ‘ರಾಕ್ ಬರ್ಸ್ಟ್’ಗಳು, ಅಂದರೆ ಒತ್ತಡ ತಾಳದೆ ಬಂಡೆ ಸಿಡಿಯುವ ಅನಾಹುತಗಳು, ಅನೇಕ ಕಾರ್ಮಿಕರನ್ನು ಬಲಿ ತೆಗೆದುಕೊಂಡವು. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ 1978ರಲ್ಲಿ ಅಲ್ಲಿ ಭೂಕಂಪನ ಮಾಪಕಗಳ ಜಾಲ ಹರಡಲಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲೇ ಹುಟ್ಟಿತು. ಮಾಪಕ ಹೇಳುವುದು ಸಿಡಿದ ಜಾಗವನ್ನು. ಮುಂದೆ ಒತ್ತಡ ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದಕ್ಕೆ ಲೆಕ್ಕ ಬೇಕು. ಕೋಲಾರದಂತೆಯೇ ತೆಳು ಅದಿರುಪಟ್ಟಿಯ ಗಣಿಗಳಿದ್ದ ದಕ್ಷಿಣ ಆಫ್ರಿಕದಲ್ಲಿ ಸಲಮನ್ 1960ರ ದಶಕದಲ್ಲಿ ಆ ದಾರಿ ತೆರೆದರು. ಅಗೆದ ಪಟ್ಟಿಯನ್ನು ಬಿರುಕೆಂದೇ ಎಣಿಸುವ ವಿಧಾನವನ್ನು 1976ರಲ್ಲಿ ಕ್ರೌಚ್ ಕೊಟ್ಟರು.

ಬಲ ತೆಗೆದೊಡನೆ ಮೊದಲ ಆಕಾರಕ್ಕೆ ಮರಳುವ ಸ್ಥಿತಿಸ್ಥಾಪಕ ವಸ್ತುವಿಗೆ ಹೊರಮೈಯ ಲೆಕ್ಕವಷ್ಟೇ ಸಾಕು. ಶಾಶ್ವತವಾಗಿ ಮಣಿಯುವ ಪ್ಲಾಸ್ಟಿಕ್ ಸ್ಥಿತಿಯಲ್ಲಿ ಮಣಿದ ಒಡಲಿನ ಭಾಗಗಳ ಪ್ರಭಾವವನ್ನು ಕೂಡಿಸಿದ ಮೊತ್ತವೂ ಲೆಕ್ಕಕ್ಕೆ ಬರುತ್ತದೆ. ವಿಧಾನದ ನಿಜವಾದ ಕಷ್ಟ ಇಲ್ಲಿದೆ. 1971ರಲ್ಲಿ ಸ್ವೆಡ್ಲೊ ಮತ್ತು ಕ್ರೂಸ್ ಮುಂದಿಟ್ಟ ಸೂತ್ರವನ್ನು ಸುಬ್ರತ ಮುಖರ್ಜಿ (1977), ಬುಯಿ (1978) ಪರಿಷ್ಕರಿಸಿದರು. ಪಿ. ಕೆ. ಬ್ಯಾನರ್ಜಿ ಮತ್ತು ಬಟರ್‌ಫೀಲ್ಡ್ ಅವರ 1981ರ ಗ್ರಂಥ ಈ ವಿಧಾನವನ್ನು ಎಂಜಿನಿಯರುಗಳ ಕೈಗಿಟ್ಟಿತು.

ಇನ್ನೊಂದು ತೊಡಕು, ಪ್ರತಿ ತುಣುಕೂ ಉಳಿದೆಲ್ಲ ತುಣುಕುಗಳನ್ನು ತಟ್ಟುತ್ತದೆ. 1 ಲಕ್ಷ ಅಜ್ಞಾತಗಳಿದ್ದರೆ ಈ ಪ್ರಭಾವಗಳ ಕೋಷ್ಟಕದಲ್ಲಿ 1,000 ಕೋಟಿ ಸಂಖ್ಯೆಗಳು. ಅವನ್ನು ಇಡಲಿಕ್ಕೇ ಸುಮಾರು 80 ಗಿಗಾಬೈಟ್ ಬೇಕು. ಇದನ್ನು ಬಿಡಿಸಿದ್ದು ರೋಖ್ಲಿನ್ ಮತ್ತು ಗ್ರೀನ್‌ಗಾರ್ಡ್ ಅವರ ಫಾಸ್ಟ್ ಮಲ್ಟಿಪೋಲ್ ವಿಧಾನ (1987): ದೂರದ ತುಣುಕುಗಳ ಪ್ರಭಾವವನ್ನು ಗುಂಪಾಗಿ ಎಣಿಸಿ ಶ್ರಮವನ್ನು ಬಹುಮಟ್ಟಿಗೆ ತುಣುಕುಗಳ ಸಂಖ್ಯೆಯಷ್ಟಕ್ಕೇ ಇಳಿಸುವುದು. 1995ರಲ್ಲಿ ಪಿಯರ್ಸ್ ಮತ್ತು ನೇಪಿಯರ್ ಈ ಬಗೆಯ ಉಪಾಯವನ್ನು ಸ್ಥಿತಿಸ್ಥಾಪಕ ಘನಗಳ ಬೌಂಡರಿ ಎಲಿಮೆಂಟ್ ಲೆಕ್ಕಕ್ಕೆ ತಂದರು. ನೇಪಿಯರ್ ದಕ್ಷಿಣ ಆಫ್ರಿಕದ ಗಣಿ ಸಂಶೋಧಕರು. ಹ್ಯಾಕ್‌ಬುಶ್ 1999ರಲ್ಲಿ ಕೋಷ್ಟಕವನ್ನೇ ಕುಗ್ಗಿಸುವ ಶ್ರೇಣೀಕೃತ ಮಾತೃಕೆಗಳನ್ನು ರೂಪಿಸಿದರು. ಪ್ಲಾಸ್ಟಿಕ್ ಸ್ಥಿತಿಯ ಲೆಕ್ಕದಲ್ಲೂ, ಮಣಿದ ಭಾಗದಲ್ಲಿ ಮಾತ್ರ ಕೋಶಗಳನ್ನಿಟ್ಟು, ಅವುಗಳ ಮೊತ್ತವನ್ನೂ ಇದೇ ಉಪಾಯದಿಂದ ಬೇಗ ಕೂಡಿಸಬಹುದು. ಈ ಲೆಕ್ಕದ ತುರ್ತನ್ನು ತೋರಿಸಿದ್ದ ಕೋಲಾರದ ಗಣಿಗಳು ಮಾತ್ರ 2001ರಲ್ಲಿ ಮುಚ್ಚಿದವು.