‘ಏನು ಓದ್ತಾ ಇದ್ದೀರಿ?’ ಎಂಬ ಪ್ರಶ್ನೆಯ ಚರಿತ್ರೆ



ನಮ್ಮ ಬಳಗದಲ್ಲಿ ಇಬ್ಬರು ಎದುರಾದರೆ ಮೊದಲ ಪ್ರಶ್ನೆ ‘ಊಟ ಆಯ್ತಾ?’. ಎರಡನೆಯದು ‘ಈಗ ಏನು ಓದ್ತಾ ಇದ್ದೀರಿ?’. ಎರಡನೆಯ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಹುರುಪಿನಿಂದ ಕೇಳುವವರು ಯಾರೆಂದು ನಿಮಗೂ ಗೊತ್ತು: ವೈಜ್ಞಾನಿಕ ಕಥೆ, ಅದ್ಭುತ ಕಥೆಗಳ ಹುಚ್ಚು ಹಿಡಿಸಿಕೊಂಡವರು. ಒಂದು ಸಾಲು ಉತ್ತರ ಕೊಟ್ಟರೆ ಅವರು ಬಿಡುವುದಿಲ್ಲ. ಪಟ್ಟಿ ಬೇಕು, ಯಾಕೆ ಹಿಡಿಸಿತೆಂದು ಹೇಳಬೇಕು, ಸಾಧ್ಯವಾದರೆ ಪುಸ್ತಕವನ್ನೂ ಕೊಡಬೇಕು!

ಈ ಚಾಳಿ ಸುಮ್ಮನೆ ಬಂದದ್ದಲ್ಲ. ಇಂಥ ಕಥೆಗಳನ್ನು ವಿಮರ್ಶಕರು ಬಹಳ ಕಾಲ ಮೂಸಿ ನೋಡಲಿಲ್ಲ. ಅಗ್ಗದ ಒರಟು ಕಾಗದದ ಪತ್ರಿಕೆಗಳಲ್ಲಿ ಅವು ಅಚ್ಚಾಗುತ್ತಿದ್ದವು, ತಿಂಗಳು ಕಳೆದರೆ ರದ್ದಿಯ ಪಾಲು. ಯಾವುದು ಒಳ್ಳೆಯದು, ಯಾವುದು ಉಳಿಯಬೇಕು ಎಂದು ಹೇಳುವವರು ಬೇರೆ ಯಾರೂ ಇಲ್ಲದಿದ್ದಾಗ ಆ ಕೆಲಸವನ್ನು ಓದುಗರೇ ವಹಿಸಿಕೊಂಡರು. ಅದು ಅಂಚೆಯ ಮೂಲಕ ನಡೆದ ಕೆಲಸ. ಅದರ ಕಥೆಯನ್ನು ಸ್ವಲ್ಪ ನೋಡೋಣ.

1913ರಲ್ಲಿ ‘ಆರ್ಗಸಿ’ ಎಂಬ ಅಮೆರಿಕದ ಪತ್ರಿಕೆಗೆ ಪ್ರಾವಿಡೆನ್ಸ್ ಊರಿನಿಂದ ಒಂದು ಖಾರವಾದ ಪತ್ರ ಬಂತು. ಅದರಲ್ಲಿ ಬರೆಯುತ್ತಿದ್ದ ಫ್ರೆಡ್ ಜಾಕ್ಸನ್ ಎಂಬವರ ಪ್ರೇಮಕಥೆಗಳು ಬರೀ ಸಪ್ಪೆ ಎಂಬುದು ಪತ್ರದ ತಿರುಳು. ಜಾಕ್ಸನ್ ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಓದುಗರ ಅಂಕಣದಲ್ಲಿ ತಿಂಗಳುಗಟ್ಟಲೆ ಜಟಾಪಟಿ ನಡೆಯಿತು, ಪದ್ಯದಲ್ಲೂ ಬೈದಾಡಿಕೊಂಡರು. ಪತ್ರ ಬರೆದ ಯುವಕ ಎಚ್. ಪಿ. ಲವ್‌ಕ್ರಾಫ್ಟ್. ಆಗ ಅವರಿಗೆ ಉದ್ಯೋಗವಿಲ್ಲ, ಮನೆಯಿಂದ ಹೊರಗೆ ಹೆಚ್ಚು ಕಾಲಿಡುತ್ತಲೂ ಇರಲಿಲ್ಲ. ಈ ಜಗಳವನ್ನು ಗಮನಿಸಿದ ಎಡ್ವರ್ಡ್ ಡಾಸ್ ಎಂಬವರು 1914ರಲ್ಲಿ ಅವರನ್ನು ಹವ್ಯಾಸಿ ಪತ್ರಕರ್ತರ ಸಂಘವೊಂದಕ್ಕೆ ಕರೆದರು. ಅಲ್ಲಿಂದ ಮುಂದೆ ಲವ್‌ಕ್ರಾಫ್ಟ್ ಬದುಕೇ ಪತ್ರಗಳಲ್ಲಿ ಸಾಗಿತು. ತಾನು ಓದಿದ್ದನ್ನು ಹೇಳುವುದು, ಎಳೆಯರ ಹಸ್ತಪ್ರತಿ ತಿದ್ದುವುದು, ಪುಸ್ತಕ ಎರವಲು ಕೊಡುವುದು, ಹೀಗೆ ಸಾವಿರಾರು ಪತ್ರಗಳು.

1937ರಲ್ಲಿ, 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಕಥೆಗಳು ‘ವಿಯರ್ಡ್ ಟೇಲ್ಸ್’ ಮುಂತಾದ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಚದುರಿಹೋಗಿದ್ದವು. ದೊಡ್ಡ ಪ್ರಕಾಶಕರು ಯಾರೂ ಅವರ ಕಥಾಸಂಕಲನ ತಂದಿರಲಿಲ್ಲ. ಆಗ ಮುಂದೆ ಬಂದವರು ಇಬ್ಬರು ಪತ್ರಮಿತ್ರರು: ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ. ಪ್ರಕಾಶಕರು ಒಲ್ಲೆವೆಂದ ಮೇಲೆ 1939ರಲ್ಲಿ ತಾವೇ ‘ಆರ್ಕಮ್ ಹೌಸ್’ ಎಂಬ ಪ್ರಕಾಶನ ಹೂಡಿ ಅವರ ಕಥೆಗಳ ಮೊದಲ ದೊಡ್ಡ ಸಂಪುಟವನ್ನು ಅಚ್ಚು ಹಾಕಿಸಿದರು. ಮುದ್ರಿಸಿದ್ದು 1,268 ಪ್ರತಿ. ಅಷ್ಟು ಮಾರಾಟವಾಗಲು ವರ್ಷಗಳೇ ಹಿಡಿದವು. ಡರ್ಲೆತ್ ತಮ್ಮ ಜೀವಮಾನದಲ್ಲಿ ಲವ್‌ಕ್ರಾಫ್ಟ್ ಅವರನ್ನು ಒಮ್ಮೆಯೂ ಮುಖತಃ ಕಂಡಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪತ್ರಗಳು ಒಳ್ಳೆಯದನ್ನಷ್ಟೇ ಉಳಿಸುವುದಿಲ್ಲ, ನಿಜ. ಬೇರೆ ಜನಾಂಗಗಳ ಬಗ್ಗೆ ಅವರಿಗಿದ್ದ ತಾತ್ಸಾರವೂ ಅದೇ ಪತ್ರಗಳಲ್ಲಿ ದಾಖಲಾಗಿದೆ. ಆ ಕಾರಣಕ್ಕೇ ‘ವರ್ಲ್ಡ್ ಫ್ಯಾಂಟಸಿ’ ಪ್ರಶಸ್ತಿಯವರು ತಮ್ಮ ಸ್ಮರಣಿಕೆಯಾಗಿದ್ದ ಅವರ ಮುಖಪ್ರತಿಮೆಯನ್ನು ಕೈಬಿಡುವುದಾಗಿ 2015ರಲ್ಲಿ ಸಾರಿದರು.

ಇನ್ನು ವೈಜ್ಞಾನಿಕ ಕಥೆಗಳ ಕಡೆ ಬರೋಣ. ಲಕ್ಸೆಂಬರ್ಗಿನಿಂದ 1904ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಹ್ಯೂಗೋ ಗರ್ನ್ಸ್‌ಬ್ಯಾಕ್ (ಇವರೂ ನಮ್ಮಂತೆ ಹೊರನಾಡಿಗರೇ!) 1926ರ ಏಪ್ರಿಲ್‌ನಲ್ಲಿ ‘ಅಮೇಝಿಂಗ್ ಸ್ಟೋರೀಸ್’ ಮಾಸಿಕ ಆರಂಭಿಸಿದರು. ಇಂಗ್ಲಿಷಿನಲ್ಲಿ ಬರೀ ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಮೊದಲ ಪತ್ರಿಕೆ ಅದು. 1927ರಿಂದ ಅದರಲ್ಲಿ ಓದುಗರ ಓಲೆಗಳ ಅಂಕಣ ಬರತೊಡಗಿತು. ಅಲ್ಲಿ ಪತ್ರ ಬರೆದವರ ಹೆಸರಿನ ಜೊತೆ ಪೂರ್ತಿ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಚಿಕ್ಕ ಸಂಗತಿಯಂತೆ ಕಾಣುತ್ತದೆ ಅಲ್ಲವೇ? ಆದರೆ ಊರಿಗೊಬ್ಬನಂತೆ ಒಂಟಿಯಾಗಿ ಓದುತ್ತಿದ್ದ ಹುಡುಗರಿಗೆ ತಮ್ಮಂಥ ಮತ್ತೊಬ್ಬ ಎಲ್ಲಿದ್ದಾನೆಂದು ತಿಳಿದದ್ದು ಆ ವಿಳಾಸದಿಂದ. ಸಂಪಾದಕರಿಗೆ ಬರೆಯುವುದನ್ನು ಬಿಟ್ಟು ಅವರು ಒಬ್ಬರಿಗೊಬ್ಬರು ಬರೆಯತೊಡಗಿದರು.

1930ರ ಮೇ ತಿಂಗಳಲ್ಲಿ ಇಂಥದೊಂದು ಪತ್ರಮಿತ್ರರ ಕೂಟದಿಂದ ‘ದಿ ಕಾಮೆಟ್’ ಎಂಬ ಪುಟ್ಟ ಪತ್ರಿಕೆ ಹೊರಟಿತು. ಅದರ ಹಿಂದೆಯೇ ನೂರಾರು ಬಂದವು. ನಮ್ಮ ಕಾಲೇಜು ದಿನಗಳಲ್ಲಿ ನೋಟ್ಸ್‌ಗೆ ಬಳಸುತ್ತಿದ್ದೆವಲ್ಲ, ಆ ಸೈಕ್ಲೋಸ್ಟೈಲ್ ಬಗೆಯ ಯಂತ್ರವೇ ಇವರಿಗೂ ಮುದ್ರಣಾಲಯ. ಒಳಗೇನಿರುತ್ತಿತ್ತು? ಮುಖ್ಯವಾಗಿ ‘ನಾನು ಇದನ್ನು ಓದಿದೆ, ನೀವು ಓದಿದಿರಾ?’ ಎಂಬುದೇ. ಇಂಥ ಪತ್ರಿಕೆಗಳಿಗೆ ‘ಫ್ಯಾನ್‌ಝೀನ್’ ಎಂಬ ಹೆಸರು ಬಿದ್ದದ್ದು 1940ರಲ್ಲಿ. ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್, ಇಂಥದೇ ಒಂದು ಸೈಕ್ಲೋಸ್ಟೈಲ್ ಪತ್ರಿಕೆ ತರುತ್ತಿದ್ದರು. 1933ರ ಜನವರಿಯ ಸಂಚಿಕೆಯಲ್ಲಿ ‘ಸೂಪರ್‌ಮ್ಯಾನ್’ ಎಂಬ ಹೆಸರಿನ ಖಳನ ಕಥೆಯೊಂದು ಬಂತು. ಐದು ವರ್ಷದ ಮೇಲೆ, 1938ರಲ್ಲಿ, ಅದೇ ಹೆಸರು ನಾಯಕನ ವೇಷ ತೊಟ್ಟು ಲೋಕವನ್ನೇ ಗೆದ್ದಿತು.

ಬ್ರಿಟನ್ನಿನಲ್ಲೂ ಇದೇ ಗಾಳಿ. 1937ರ ಜನವರಿ 3ರಂದು ಲೀಡ್ಸ್ ನಗರದಲ್ಲಿ ಬೆರಳೆಣಿಕೆಯಷ್ಟು ಓದುಗರು ಸಮ್ಮೇಳನವೆಂದು ಸೇರಿದರು. ಅವರಲ್ಲಿ 19 ವರ್ಷದ ಆರ್ಥರ್ ಸಿ. ಕ್ಲಾರ್ಕ್ ಒಬ್ಬರು. 1939ರ ಜುಲೈ 2ರಿಂದ 4ರವರೆಗೆ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಸುಮಾರು 200 ಜನ ಬಂದಿದ್ದರು. ಸಂಘ ಎಂದ ಮೇಲೆ ಜಗಳ ಇರಲೇಬೇಕಲ್ಲ! ರಾಜಕೀಯ ಮತ್ತು ವೈಯಕ್ತಿಕ ಮನಸ್ತಾಪಗಳಿಂದ ಸಂಘಟಕರು ಆರು ಮಂದಿಯನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ಅವರಲ್ಲಿ ಒಬ್ಬರು ಡೊನಾಲ್ಡ್ ವೋಲ್‌ಹೈಮ್. ಈ ಹೆಸರನ್ನು ನೆನಪಿಡಿ, ಇನ್ನೊಮ್ಮೆ ಬರುತ್ತದೆ.

ಈ ಪತ್ರಜಾಲದ ನಿಜವಾದ ಬೆಲೆ ತಿಳಿದದ್ದು ಬರಗಾಲದಲ್ಲಿ. ಯುದ್ಧಕ್ಕೆ ಮುಂಚೆ ಅಮೆರಿಕದ ಹಳೆಯ ಸಂಚಿಕೆಗಳು ಬ್ರಿಟನ್ನಿನ ವುಲ್‌ವರ್ತ್ಸ್ ಅಂಗಡಿಗಳಲ್ಲಿ ಮೂರು ಪೆನ್ನಿಗೆ ಸಿಗುತ್ತಿದ್ದವು. ಯುದ್ಧ ಶುರುವಾದ ಮೇಲೆ ಡಾಲರ್ ಉಳಿಸಬೇಕೆಂದು ಬ್ರಿಟನ್ನೂ ಆಸ್ಟ್ರೇಲಿಯಾವೂ 1940ರಲ್ಲಿ ಇಂಥ ಪತ್ರಿಕೆಗಳ ಆಮದನ್ನು ನಿಲ್ಲಿಸಿದವು. ಯುದ್ಧ ಮುಗಿದರೂ ನಿರ್ಬಂಧ ಮುಗಿಯಲಿಲ್ಲ. 1950ರ ದಶಕದ ಕೊನೆಯವರೆಗೂ ಎಳೆಯಿತು. ಹೀಗಾಗಿ ಇದ್ದ ಒಂದೊಂದು ಪ್ರತಿಯೂ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗಬೇಕಾಯಿತು. ಯಾರ ಬಳಿ ಏನಿದೆ, ಯಾರು ಏನು ಓದುತ್ತಿದ್ದಾರೆ ಎಂಬ ಮಾಹಿತಿ ಆಗ ಕಾಡುಹರಟೆಯಾಗಿ ಉಳಿಯಲಿಲ್ಲ, ಓದು ಸಿಗಲು ಇದ್ದ ಒಂದೇ ದಾರಿಯಾಯಿತು.

ಬ್ರಿಟಿಷ್ ಸೈನ್ಯದಲ್ಲಿದ್ದ ಕೆನ್ ಸ್ಲೇಟರ್ ಇದಕ್ಕೊಂದು ಉಪಾಯ ಹುಡುಕಿದರು. ಪೌಂಡು ಕೊಟ್ಟು ಡಾಲರ್ ಪಡೆಯುವಂತಿಲ್ಲ, ಸರಿ. ಆದರೆ ಬ್ರಿಟಿಷ್ ಪುಸ್ತಕ ಕಳಿಸಿ ಅಮೆರಿಕದ ಪತ್ರಿಕೆ ತರಿಸಿಕೊಳ್ಳಬಹುದಲ್ಲ? ನಮ್ಮ ಹಳ್ಳಿಗಳಲ್ಲಿ ರಾಗಿ ಕೊಟ್ಟು ಉಪ್ಪು ತರುತ್ತಿದ್ದಂತೆ! 1940ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ‘ಆಪರೇಷನ್ ಫ್ಯಾಂಟಾಸ್ಟ್’ ಹೀಗೆ ಸಮುದ್ರದ ಎರಡೂ ದಡಗಳ ಓದುಗರ ನಡುವೆ ವಿನಿಮಯ ನಡೆಸಿತು. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿಯ ಪಕ್ಕ ಎರಡು ಕನ್ನಡ ಕಾದಂಬರಿ ತುರುಕಿಸಿಕೊಂಡು ತರಿಸುವ ನಮಗೆ ಸ್ಲೇಟರ್ ಅವರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಅದೇ ವೇಳೆಗೆ ಅಮೆರಿಕದಲ್ಲೊಂದು ತಮಾಷೆ ನಡೆಯಿತು. ಜಾನ್ ಕ್ಯಾಂಪ್‌ಬೆಲ್ ಸಂಪಾದಿಸುತ್ತಿದ್ದ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಓದುಗರು ಸಂಚಿಕೆಯ ಕಥೆಗಳಿಗೆ ಮೊದಲನೆಯದು, ಎರಡನೆಯದು ಎಂದು ದರ್ಜೆ ಕೊಟ್ಟು ಬರೆಯುವುದು ರೂಢಿ. 1948ರ ನವೆಂಬರ್ ಸಂಚಿಕೆಯಲ್ಲಿ ಒಬ್ಬ ಓದುಗನ ಪತ್ರ ಬಂತು. ಅವನು ದರ್ಜೆ ಕೊಟ್ಟದ್ದು 1949ರ ನವೆಂಬರ್ ಸಂಚಿಕೆಗೆ! ಅಂದರೆ ಇನ್ನೂ ಹುಟ್ಟಿರದ ಸಂಚಿಕೆಗೆ. ಹೈನ್‌ಲೈನ್, ಸ್ಟರ್ಜನ್, ವಾನ್ ವೋಗ್ಟ್, ಡೆಲ್ ರೇ, ಡಿ ಕ್ಯಾಂಪ್ ಎಂದು ತನ್ನ ಮೆಚ್ಚಿನ ಲೇಖಕರ ಹೆಸರಿಟ್ಟು, ಇಲ್ಲದ ಕಥೆಗಳಿಗೆ ತಾನೇ ಶೀರ್ಷಿಕೆ ಕೊಟ್ಟಿದ್ದ. ಕ್ಯಾಂಪ್‌ಬೆಲ್ ನಕ್ಕು ಬಿಡಲಿಲ್ಲ. ಆ ಲೇಖಕರಿಗೆಲ್ಲ ಹೇಳಿ, ಆ ಶೀರ್ಷಿಕೆಗಳಿಗೆ ಕಥೆ ಬರೆಸಿ, ಒಂದು ವರ್ಷದ ನಂತರ ಹೆಚ್ಚುಕಡಿಮೆ ಅದೇ ಸಂಚಿಕೆಯನ್ನು ಓದುಗರ ಕೈಗಿತ್ತರು!

ಇದರ ಬಾಲ ಇನ್ನೂ ಸೊಗಸಾಗಿದೆ. ಹೈನ್‌ಲೈನ್ ಪಾಲಿಗೆ ಬಂದ ಶೀರ್ಷಿಕೆ ‘ಗಲ್ಫ್’. ಅದಕ್ಕೆ ತಕ್ಕ ವಸ್ತು ಹುಡುಕುವಾಗ ಅವರ ಪತ್ನಿ ವರ್ಜೀನಿಯಾ, ಮಂಗಳ ಗ್ರಹದವರು ಸಾಕಿ ಬೆಳೆಸಿದ ಮನುಷ್ಯನ ಕಥೆ ಬರೆಯಿರಿ ಎಂದರು. ಅದು ಸಣ್ಣ ಕಥೆಗೆ ಒಗ್ಗುವ ವಸ್ತುವಲ್ಲವೆಂದು ಹೈನ್‌ಲೈನ್ ಅದನ್ನು ತೆಗೆದಿಟ್ಟು ಬೇರೆಯದನ್ನು ಬರೆದುಕೊಟ್ಟರು. ತೆಗೆದಿಟ್ಟದ್ದು 1961ರಲ್ಲಿ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ ಕಾದಂಬರಿಯಾಗಿ ಬಂದು ಮರುವರ್ಷ ಹ್ಯೂಗೋ ಪ್ರಶಸ್ತಿ ಗಳಿಸಿತು. ಆ ಓದುಗನ ಕುಚೋದ್ಯದ ಪತ್ರವಿಲ್ಲದಿದ್ದರೆ?

ಓದುಗರ ಮಾತಿಗೆ ಇನ್ನೊಂದು ಬಗೆಯ ಬಲವೂ ಇತ್ತು. 1965ರಲ್ಲಿ ‘ಏಸ್ ಬುಕ್ಸ್’ ಎಂಬ ಅಮೆರಿಕದ ಪ್ರಕಾಶನ, ಹಕ್ಕುಸ್ವಾಮ್ಯದಲ್ಲಿ ಲೋಪವಿದೆಯೆಂದು ಹೇಳಿ, ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯನ್ನು ಅವರ ಅನುಮತಿಯಿಲ್ಲದೆ, ಗೌರವಧನವೂ ಇಲ್ಲದೆ 75 ಸೆಂಟಿನ ಸಂಪುಟಗಳಾಗಿ ತಂದಿತು. ಅಲ್ಲಿನ ಸಂಪಾದಕರು ಯಾರು ಗೊತ್ತೇ? ಸಮ್ಮೇಳನದ ಬಾಗಿಲಲ್ಲಿ ತಡೆಸಿಕೊಂಡ ಅದೇ ವೋಲ್‌ಹೈಮ್! ಆಕ್ಸ್‌ಫರ್ಡಿನಲ್ಲಿದ್ದ 73 ವರ್ಷದ ಟೋಲ್ಕಿನ್ ಮಾಡಿದ್ದು ಇಷ್ಟೆ: ಅಮೆರಿಕದ ಅಭಿಮಾನಿಗಳ ಪತ್ರಕ್ಕೆ ಉತ್ತರಿಸುವಾಗಲೆಲ್ಲ, ಆ ಆವೃತ್ತಿಗೆ ತಮ್ಮ ಒಪ್ಪಿಗೆಯಿಲ್ಲ, ಇದನ್ನು ನಿಮ್ಮ ಗೆಳೆಯರಿಗೂ ತಿಳಿಸಿ ಎಂದು ಬರೆದರು. ಅಧಿಕೃತವಾದ ಬ್ಯಾಲಂಟೈನ್ ಆವೃತ್ತಿಯ ಬೆಲೆ 95 ಸೆಂಟು, ಇಪ್ಪತ್ತು ಸೆಂಟು ಜಾಸ್ತಿ. ಆದರೂ ಸುದ್ದಿ ಬಾಯಿಂದ ಬಾಯಿಗೆ ಹರಡಿತು, ಲೇಖಕರ ಸಂಘವೂ ದನಿಗೂಡಿಸಿತು. ಕೊನೆಗೆ 1966ರಲ್ಲಿ ಏಸ್ ಮಣಿಯಿತು. ಟೋಲ್ಕಿನ್‌ಗೆ 9,000 ಡಾಲರಿಗೂ ಹೆಚ್ಚು ಹಣ ಸಂದಿತು, ಆ ಆವೃತ್ತಿ ನಿಂತಿತು.

ಇದೆಲ್ಲ ಇಂಗ್ಲಿಷಿನ ಮಾತಾಯಿತು, ನಮ್ಮ ಕಡೆ? ಕೋಲ್ಕತ್ತದಲ್ಲಿ 1963ರಲ್ಲಿ ಅದ್ರೀಶ್ ಬರ್ಧನ್ ‘ಆಶ್ಚರ್ಜೊ’ ಎಂಬ ವೈಜ್ಞಾನಿಕ ಕಥೆಗಳ ಬಂಗಾಳಿ ಪತ್ರಿಕೆ ತಂದರು. ಅದರ ಬಳಗದವರು 1966ರಲ್ಲಿ ಕಟ್ಟಿದ ಸಿನಿಮಾ ಕೂಟಕ್ಕೆ ಸತ್ಯಜಿತ್ ರಾಯ್ ಅಧ್ಯಕ್ಷರು. ಮರಾಠಿಯಲ್ಲಿ 1974ರಲ್ಲಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ನಾ. ವಿ. ಜಗತಾಪ’ ಎಂಬವರ ಕಥೆ ಬಂದು ಮೊದಲ ಬಹುಮಾನ ಪಡೆಯಿತು. ಬರೆದವರು ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್! ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಹಿಂದುಮುಂದು ಮಾಡಿದ್ದರು. ಕೈಬರಹ ಗುರುತು ಸಿಗಬಾರದೆಂದು ಪತ್ನಿಯಿಂದ ಬರೆಸಿದ್ದರು.

ಕನ್ನಡದಲ್ಲಿ ವೈಜ್ಞಾನಿಕ ಕಥೆ ಎಂದೊಡನೆ ರಾಜಶೇಖರ ಭೂಸನೂರಮಠರ ಹೆಸರು ನೆನಪಾಗುತ್ತದೆ. ಹಾರುವ ಓತಿಯ ಬೆನ್ನು ಹತ್ತಿದ ತೇಜಸ್ವಿಯವರ ‘ಕರ್ವಾಲೊ’ (1980) ವೈಜ್ಞಾನಿಕ ಕಾದಂಬರಿಯೋ ಅಲ್ಲವೋ ಎಂದು ನಮ್ಮಲ್ಲಿ ಇಂದಿಗೂ ವಾದ ಮಾಡಬಹುದು. ಪುಸ್ತಕವಾಗಿ ಬಂದವು ಉಳಿದವು. ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ವಿಶೇಷಾಂಕಗಳಲ್ಲಿ ಒಮ್ಮೆ ಬಂದು ಹೋದ ಕಥೆಗಳ ಗತಿ ಬೇರೆ. ಹಬ್ಬಕ್ಕೆ ಮನೆ ಗುಡಿಸುವಾಗ ಅವು ಕೆ.ಜಿ. ಲೆಕ್ಕದಲ್ಲಿ ತಕ್ಕಡಿ ಏರಿದವು. ಇಂದು ಅವು ಇರುವುದು ಓದಿದವರ ನೆನಪಿನಲ್ಲಿ. ‘ಯಾವುದೋ ಪತ್ರಿಕೆಯಲ್ಲಿ ಬಂದಿತ್ತು, ಚಂದ್ರನ ಮೇಲೆ ಒಬ್ಬ ಮೇಷ್ಟ್ರು ಇರ್ತಾನೆ...’ ಎಂಬಂಥ ನೆನಪು. ಆ ನೆನಪುಳ್ಳವರಿಗೂ ವಯಸ್ಸಾಗುತ್ತಿದೆ.

ಡರ್ಲೆತ್ ಮತ್ತು ವಾಂಡ್ರೈ ಸಂಪುಟ ತರಲು ಸಾಧ್ಯವಾದದ್ದು ಯಾವ ಕಥೆ ಯಾವ ಸಂಚಿಕೆಯಲ್ಲಿದೆಯೆಂದು ಬಲ್ಲ ಓದುಗರು ಇದ್ದುದರಿಂದ. ನಾವು ಆರ್ಕಮ್ ಹೌಸ್ ಕಟ್ಟಬೇಕಿಲ್ಲ. ‘ಈಗ ಏನು ಓದ್ತಾ ಇದ್ದೀರಿ?’ ಎಂದು ಯಾರಾದರೂ ಕೇಳಿದಾಗ ಹೊಸ ಇಂಗ್ಲಿಷ್ ಕಾದಂಬರಿಯ ಜೊತೆಗೆ ಹಿಂದೆ ಓದಿದ ಒಂದು ಕನ್ನಡ ಕಥೆಯನ್ನೂ ಹೇಳೋಣ: ಹೆಸರು, ಬರೆದವರು, ಬಂದ ಪತ್ರಿಕೆ, ಅಂದಾಜು ಇಸವಿ. ಅರ್ಧ ಮರೆತಿದ್ದರೂ ಪರವಾಗಿಲ್ಲ. ಉಳಿದರ್ಧ ಇನ್ನೊಬ್ಬರ ಬಳಿ ಇರಬಹುದು. ಮೈಸೂರಿನ ಅಟ್ಟದ ಮೇಲೋ ಧಾರವಾಡದ ಟ್ರಂಕಿನಲ್ಲೋ ಆ ಸಂಚಿಕೆ ಇನ್ನೂ ಇದ್ದರೆ, ಅದನ್ನು ಹುಡುಕಲು ಯಾರಿಗಾದರೂ ಒಂದು ಸುಳಿವು ಸಿಕ್ಕಂತಾಯಿತು.

ಮುಂದಿನ ಸಂಚಿಕೆಗೆ ನಿಮ್ಮ ಸಾಲುಗಳು ಬರಲಿ. ಇನ್ನೂ ಹುಟ್ಟಿರದ ಕಥೆಗೆ ದರ್ಜೆ ಕೊಟ್ಟು ಕಳಿಸಿದರೂ ಬೇಡವೆನ್ನುವುದಿಲ್ಲ. ನಮ್ಮಲ್ಲೇ ಯಾರಾದರೂ ಅದನ್ನು ಬರೆದಾರು!