ಢಾಕಾ ಶರಣಾಗತಿ: ಸ್ಥೈರ್ಯ ಕುಸಿದದ್ದು ಹೇಗೆ?

1971ರ ಡಿಸೆಂಬರ್ 16ರಂದು ಢಾಕಾದ ರಮಣಾ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಲೆಫ್ಟಿನೆಂಟ್ ಜನರಲ್ ಎ.ಎ.ಕೆ. ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಆಗ ನಗರದಲ್ಲಿ ಅವರ ಅಧೀನದಲ್ಲಿ 26 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಹೊರವಲಯ ತಲುಪಿದ್ದ ಭಾರತೀಯ ಯೋಧರು ಸುಮಾರು 3 ಸಾವಿರ. ಇದು ಭಾರತೀಯ ಪೂರ್ವ ಕಮಾಂಡ್‌ನ ಅಂದಿನ ಚೀಫ್ ಆಫ್ ಸ್ಟಾಫ್ ಜೆ.ಎಫ್.ಆರ್. ಜೇಕಬ್ ನೀಡಿರುವ ಲೆಕ್ಕ. ಇಷ್ಟು ಬಲವಿದ್ದೂ ಕಾದಾಡುವ ಮನಸ್ಸು ಉಳಿಯಲಿಲ್ಲವೇಕೆ?

ಉತ್ತರದ ಒಂದು ಎಳೆ 1965ರಲ್ಲಿದೆ. ಸರಿಯಾದ ಜಾಗದಲ್ಲಿ ಒಂದೆರಡು ಪೆಟ್ಟು ಬಿದ್ದರೆ ಹಿಂದೂಗಳ ಸ್ಥೈರ್ಯ ಕುಸಿಯುತ್ತದೆ ಎಂದು ಅಧ್ಯಕ್ಷ ಅಯೂಬ್ ಖಾನ್ ಆ ವರ್ಷದ ಆಗಸ್ಟ್‌ನ ಆದೇಶವೊಂದರಲ್ಲಿ ಬರೆದಿದ್ದರು. 1962ರಲ್ಲಿ ಚೀನಾದ ಎದುರು ಭಾರತ ಕಂಡ ಸೋಲು ಈ ಭ್ರಮೆಗೆ ನೀರೆರೆದಿತ್ತು. ಸೆಪ್ಟೆಂಬರ್ 6ರಂದು ಭಾರತ ಲಾಹೋರ್‌ನತ್ತ ಸೇನೆ ನುಗ್ಗಿಸಿದಾಗ ಲೆಕ್ಕ ತಪ್ಪಿತಾದರೂ ಪ್ರಚಾರ ನಿಲ್ಲಲಿಲ್ಲ. ತನ್ನ ಪ್ರಚಾರವನ್ನು ತಾನೇ ನಂಬುವುದು ಶತ್ರುವಿನ ಪ್ರಚಾರವನ್ನು ನಂಬುವುದಕ್ಕಿಂತ ಅಪಾಯಕರ.

ಭಾರತ ಪಾಠ ಕಲಿತದ್ದು ಬೇರೆ ರೀತಿಯಲ್ಲಿ. 1971ರ ಏಪ್ರಿಲ್‌ನಲ್ಲೇ ಯುದ್ಧಕ್ಕಿಳಿಯಲು ಜನರಲ್ ಸ್ಯಾಮ್ ಮಾಣಿಕ್‌ಶಾ ಒಪ್ಪಲಿಲ್ಲ. ಮುಂಗಾರಿನಲ್ಲಿ ಬಂಗಾಳದ ನದಿಗಳು ಉಕ್ಕಿ ಹರಿಯುತ್ತವೆ. ಹಿಮಾಲಯದ ಕಣಿವೆದಾರಿಗಳು ಹಿಮದಿಂದ ಮುಚ್ಚಿದರೆ ಚೀನಾದ ಭಯವೂ ಕಡಿಮೆ. 1962ರ ಕಹಿ ನೆನಪು ಇಲ್ಲಿ ಎಚ್ಚರವಾಗಿ ಪರಿಣಮಿಸಿತ್ತು.

ಇತ್ತ ಸ್ವಾಧೀನ್ ಬಾಂಗ್ಲಾ ಬೇತಾರ್ ಕೇಂದ್ರದಲ್ಲಿ ಎಂ.ಆರ್. ಅಖ್ತರ್ ಮುಕುಲ್ ಅವರ 'ಚರಮಪತ್ರ' ಕಾರ್ಯಕ್ರಮ ಢಾಕಾದ ಆಡುಮಾತಿನಲ್ಲಿ ಪಾಕ್ ಸೇನೆಯನ್ನು ಗೇಲಿ ಮಾಡುತ್ತಿತ್ತು. ಡಿಸೆಂಬರ್‌ನಲ್ಲಿ ಮಾಣಿಕ್‌ಶಾ ಸಂದೇಶಗಳು ಆಕಾಶವಾಣಿಯಲ್ಲಿ ಬಿತ್ತರವಾದವು, ಕರಪತ್ರಗಳಾಗಿ ವಿಮಾನಗಳಿಂದ ಉದುರಿದವು. ಶರಣಾದರೆ ಜಿನೀವಾ ಒಪ್ಪಂದದಂತೆ ಗೌರವದ ನಡವಳಿಕೆ ಎಂಬ ಭರವಸೆ ಅವುಗಳಲ್ಲಿತ್ತು. ಮುಕ್ತಿವಾಹಿನಿಯ ಸೇಡಿಗೆ ಹೆದರಿದ್ದ ಸೈನಿಕನಿಗೆ ಅದು ಬೆದರಿಕೆಗಿಂತ ಹೆಚ್ಚು ನಾಟಿರಬೇಕು.

ಡಿಸೆಂಬರ್ 11ರಂದು ಟಾಂಗೈಲ್ ಬಳಿ ಇಳಿದದ್ದು ಪ್ಯಾರಾಚೂಟ್ ರೆಜಿಮೆಂಟ್‌ನ ಒಂದು ಬೆಟಾಲಿಯನ್, ಅಂದರೆ ಸುಮಾರು 700 ಮಂದಿ. ವಿದೇಶಿ ಪತ್ರಿಕೆಗಳಲ್ಲಿ ಅದು 5 ಸಾವಿರ ಯೋಧರ ಬ್ರಿಗೇಡ್ ಆಯಿತು. ದೆಹಲಿ ತಿದ್ದುವ ಗೋಜಿಗೆ ಹೋಗಲಿಲ್ಲ. ಹಾಗೆಂದು ಮಾತಿನಿಂದಲೇ ಢಾಕಾ ಬಿತ್ತೆನ್ನುವುದು ಅತಿಶಯೋಕ್ತಿ. ಆಕಾಶ ಭಾರತದ ವಶದಲ್ಲಿತ್ತು, ಸಮುದ್ರಮಾರ್ಗ ಮುಚ್ಚಿತ್ತು. ಡಿಸೆಂಬರ್ 14ರಂದು ಗವರ್ನರ್ ಭವನದ ಮೇಲೆ ಮಿಗ್-21 ವಿಮಾನಗಳು ದಾಳಿ ನಡೆಸಿದಾಗ ಗವರ್ನರ್ ಎ.ಎಂ. ಮಲಿಕ್ ಅಲ್ಲಿಯೇ ರಾಜೀನಾಮೆ ಬರೆದರು.

ಹೆಚ್ಚು ಹಾನಿ ಮಾಡಿದ್ದು ರಾವಲ್ಪಿಂಡಿಯ ಸುಳ್ಳು ಭರವಸೆ. ಉತ್ತರದಿಂದ ಚೀನಾ, ದಕ್ಷಿಣದಿಂದ ಅಮೆರಿಕ ನೆರವಿಗೆ ಬರಲಿದೆ ಎಂದು ನಿಯಾಜಿಗೆ ತಿಳಿಸಲಾಗಿತ್ತು. ಯಾರೂ ಬರಲಿಲ್ಲ.

ಪಶ್ಚಿಮ ಪಾಕಿಸ್ತಾನದ ಜನತೆಗೆ ಕೊನೆಯವರೆಗೂ ಗೆಲುವಿನ ಸುದ್ದಿಯೇ ಸಿಗುತ್ತಿತ್ತು. ಶರಣಾಗತಿಯ ಸಂಜೆ ರೇಡಿಯೋದಲ್ಲಿ ಮಾತನಾಡಿದ ಅಧ್ಯಕ್ಷ ಯಾಹ್ಯಾ ಖಾನ್ ಯುದ್ಧ ಮುಂದುವರಿಯಲಿದೆ ಎಂದರು. ಮರುದಿನವೇ ಕದನವಿರಾಮಕ್ಕೆ ಒಪ್ಪಿದರು. ಜನಾಕ್ರೋಶ ಭುಗಿಲೆದ್ದು ಡಿಸೆಂಬರ್ 20ರಂದು ಅಧಿಕಾರವನ್ನು ಜುಲ್ಫಿಕರ್ ಅಲಿ ಭುಟ್ಟೋ ಅವರಿಗೆ ಒಪ್ಪಿಸಿದರು.