ಯಂತ್ರಕ್ಕೆ ಕನ್ನಡ ಕಲಿಸುವ ದುಡಿಮೆ: ಅಭಿವೃದ್ಧಿಶೀಲ ಆರ್ಥಿಕತೆಯಲ್ಲಿ ಕೃತಕ ಬುದ್ಧಿಮತ್ತೆ

ಪೀಠಿಕೆ

ಕೃತಕ ಬುದ್ಧಿಮತ್ತೆಯಿಂದ ಬಡ ದೇಶಗಳಿಗೆ ಲಾಭವೋ ನಷ್ಟವೋ ಎಂಬ ಚರ್ಚೆ ಸಾಮಾನ್ಯವಾಗಿ ಉದ್ಯೋಗದ ಲೆಕ್ಕದಿಂದ ಶುರುವಾಗುತ್ತದೆ. ಅಂತಾರಾಷ್ಟ್ರೀಯ ಹಣಕಾಸು ನಿಧಿಯ 2024ರ ಜನವರಿಯ ಅಂದಾಜಿನಂತೆ, ಇದರ ಪ್ರಭಾವಕ್ಕೆ ಒಳಗಾಗಬಹುದಾದ ಉದ್ಯೋಗಗಳು ಮುಂದುವರಿದ ದೇಶಗಳಲ್ಲಿ ಸುಮಾರು ಶೇ. 60, ಉದಯೋನ್ಮುಖ ಆರ್ಥಿಕತೆಗಳಲ್ಲಿ ಶೇ. 40, ಕಡಿಮೆ ಆದಾಯದ ದೇಶಗಳಲ್ಲಿ ಶೇ. 26. ಪೆಟ್ಟು ಕಡಿಮೆ ಬೀಳುವಲ್ಲಿ ಫಲ ಪಡೆಯುವ ಸಿದ್ಧತೆಯೂ ಕಡಿಮೆ ಎಂದು ಅದೇ ವರದಿ ಎಚ್ಚರಿಸುತ್ತದೆ. ಆ ಫಲ ಯಾರ ಕೈಗೆ ಎಟಕುತ್ತದೆ ಎಂಬುದನ್ನು ಬಹುಮಟ್ಟಿಗೆ ಭಾಷೆ ತೀರ್ಮಾನಿಸುತ್ತದೆ ಎಂಬುದು ಈ ಲೇಖನದ ವಾದ. ಅದಕ್ಕೆ ಕನ್ನಡವೇ ನಿದರ್ಶನ.

ಲಿಪಿಯ ಸುಂಕ

'ಕನ್ನಡ' ಎಂಬ ಪದವನ್ನೇ ನೋಡೋಣ. ಓದುವವರಿಗೆ ಇದರಲ್ಲಿ ಮೂರು ಅಕ್ಷರ. ಯುನಿಕೋಡ್‌ನಲ್ಲಿ ಒತ್ತು ಮೂಡಿಸುವ ಹಲಂತವೂ ಸೇರಿ ಐದು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ ಒಟ್ಟು 15 ಬೈಟ್. ಅದೇ ಹೆಸರಿಗೆ ರೋಮನ್ ಲಿಪಿಯಲ್ಲಿ 7 ಬೈಟ್ ಸಾಕು. ಭಾಷಾ ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ. ಕಲಿಕೆಯ ಪಠ್ಯದಲ್ಲಿ ಪದೇಪದೇ ಬಂದ ಪದ ಇಡಿಯಾಗಿ ಉಳಿಯುತ್ತದೆ, ಅಪರೂಪದ್ದು ಚೂರುಚೂರಾಗುತ್ತದೆ. ಅಂತರ್ಜಾಲದಲ್ಲಿ ಸಿಂಹಪಾಲು ಇಂಗ್ಲಿಷಿನದಾದ್ದರಿಂದ ಕನ್ನಡದ ಪದಗಳಿಗೆ ಚೂರಾಗುವ ಪಾಡು. ಶುಲ್ಕ ಟೋಕನ್ ಲೆಕ್ಕದಲ್ಲಿರುವಾಗ, ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವ ನವೋದ್ಯಮ ಹೆಚ್ಚು ತೆರಬೇಕಾಗುತ್ತದೆ. ಹೊಸ ಮಾದರಿಗಳಲ್ಲಿ ಈ ಅಂತರ ತಗ್ಗಿದೆ, ಅಳಿದಿಲ್ಲ.

ಮಾತಿನ ಅವಕಾಶ

2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಕೀಲಿಮಣೆ ಒಗ್ಗದವರಿಗೆ ಧ್ವನಿಯೇ ದಾರಿ. ಪಹಣಿಯ ಮಾಹಿತಿಯಿಂದ ಪಿಂಚಣಿ ಅರ್ಜಿಯವರೆಗೆ ಎಲ್ಲವನ್ನೂ ಬಾಯಿಮಾತಿನಲ್ಲಿ ಕೇಳಬಹುದಾದರೆ ಅದು ದೊಡ್ಡ ಲಾಭ. ಆದರೆ ಮೈಸೂರಿನಲ್ಲಿ 'ಮಳೆ ಬರುತ್ತೆ', ಮಂಗಳೂರಿನಲ್ಲಿ 'ಮಳೆ ಬರ್ತದೆ', ಧಾರವಾಡದಲ್ಲಿ 'ಮಳಿ ಬರ್ತೈತಿ'. ಪುಸ್ತಕದ ಕನ್ನಡ ಮಾತ್ರ ಕಲಿತ ಯಂತ್ರಕ್ಕೆ ಇವು ಅಪರಿಚಿತ. ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆ ಜಿಲ್ಲಾವಾರು ಧ್ವನಿ ಸಂಗ್ರಹಿಸುತ್ತಿರುವುದು ಈ ಕಾರಣಕ್ಕೆ ಮುಖ್ಯ. ಅಲ್ಲಿ ಚಿತ್ರ ತೋರಿಸಿ ಕಂಡದ್ದನ್ನು ಹೇಳಿಸುವುದರಿಂದ ಓದಿದ ವಾಕ್ಯದ ಬದಲು ಆಡುಮಾತೇ ದಾಖಲಾಗುತ್ತದೆ.

ದತ್ತಾಂಶದ ಕೂಲಿ

ಯಂತ್ರದ ಕಲಿಕೆಗೆ ಧ್ವನಿ ಕೊಡುವ, ಬರಹ ವಿಂಗಡಿಸುವ ದುಡಿಮೆಯ ಬೆಲೆ ಎಲ್ಲೆಡೆ ಒಂದೇ ಅಲ್ಲ. ನೈರೋಬಿಯಲ್ಲಿ ಚಾಟ್‌ಜಿಪಿಟಿಗಾಗಿ ಹಿಂಸೆಯ ಬರಹಗಳನ್ನು ಓದಿ ವಿಂಗಡಿಸಿದವರ ಕೈಗೆ ಸಿಕ್ಕದ್ದು ಗಂಟೆಗೆ ಸುಮಾರು 1.32ರಿಂದ 2 ಡಾಲರ್ ಎಂದು 'ಟೈಮ್' ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ಬೆಂಗಳೂರಿನ ಲಾಭರಹಿತ ಸಂಸ್ಥೆ 'ಕಾರ್ಯ' ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಧ್ವನಿ ನೀಡಿದವರಿಗೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿತು. ದತ್ತಾಂಶ ಮರುಮಾರಾಟವಾದರೆ ಅವರಿಗೂ ಗೌರವಧನದ ಪಾಲು ಸಲ್ಲುವ ವ್ಯವಸ್ಥೆ ಮಾಡಿತು.

ಇಲ್ಲೊಂದು ತೊಡಕಿದೆ. ಮುಕ್ತವಾಗಿ ಹಂಚಿದ ಧ್ವನಿಸಂಗ್ರಹ ಹುಬ್ಬಳ್ಳಿಯ ಪುಟ್ಟ ಕಂಪನಿಗೂ ಜಾಗತಿಕ ದೈತ್ಯನಿಗೂ ಸಮನಾಗಿ ಪುಕ್ಕಟೆ. ಮಾರಾಟವೇ ಇಲ್ಲದ ಕಡೆ ಪಾಲು ಎಲ್ಲಿಂದ ಬರಬೇಕು? ಪಾಲಿಗಾಗಿ ಬೀಗ ಹಾಕಿದರೆ ಪುಟ್ಟ ಕಂಪನಿಗೇ ಮೊದಲ ಪೆಟ್ಟು.

ಉಪಸಂಹಾರ

2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇಂಡಿಯಾಎಐ ಮಿಷನ್‌ನ ಗಾತ್ರ 10,372 ಕೋಟಿ ರೂಪಾಯಿ. ಅದರ ದೊಡ್ಡ ಪಾಲು ಗಣನ ಸಾಮರ್ಥ್ಯಕ್ಕೆ. ಚಿಪ್‌ಗಳನ್ನು ದುಡ್ಡು ಕೊಟ್ಟು ತರಬಹುದು. 'ಮಳಿ ಬರ್ತೈತಿ' ಎಂಬ ದನಿ ಸಿಗುವುದು ಧಾರವಾಡದ ಸೀಮೆಯಲ್ಲಿ ಮಾತ್ರ. ಸಾರ್ವಜನಿಕ ಹಣದಲ್ಲಿ ಕಟ್ಟುವ ಸಂಗ್ರಹ ಮುಕ್ತವಾಗಿಯೇ ಇರಲಿ; ಆದರೆ ಮುಂದೆ ಬಾರದ ಪಾಲನ್ನೂ ಲೆಕ್ಕ ಹಿಡಿದು, ಧ್ವನಿ ಕೊಟ್ಟವರ ಕೂಲಿಯನ್ನು ಧ್ವನಿಮುದ್ರಣದ ದಿನವೇ ಪೂರ್ತಿ ಚುಕ್ತಾ ಮಾಡಬೇಕು.